ಪವರ್‌ಪಾಯಿಂಟ್‌ನಲ್ಲಿ ಬೇಡವಾದ ಸ್ಲೈಡ್‌ಗಳನ್ನು ತೆಗೆಯುವುದು: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಚಿತ್ರದುರ್ಗದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ನಾನು ಜಿಲ್ಲೆಯ ಚರಿತ್ರೆಗೆಂದು ಒಂದೇ ಪಿಪಿಟಿಯನ್ನು, ಅಂದರೆ ಪವರ್‌ಪಾಯಿಂಟ್ ಕಡತವನ್ನು, ಬಹಳ ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದೇನೆ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು, ಅಲ್ಲಿಯೇ ಇರುವ ಮಯೂರಶರ್ಮನ ಕೆರೆಯ ಶಾಸನ, ಏಳು ಸುತ್ತಿನ ಕೋಟೆ, 1779ರಲ್ಲಿ ಅದು ಹೈದರಾಲಿಯ ವಶವಾದ ಸಂದರ್ಭ, ಮಾರಿಕಣಿವೆ ಅಣೆಕಟ್ಟು ಎಲ್ಲವೂ ಅದರಲ್ಲಿವೆ. ಇದೇ ಕಡತವನ್ನು ಪದವಿ ತರಗತಿಗೂ, ಎನ್‌ಎಸ್‌ಎಸ್ ಶಿಬಿರಕ್ಕೂ, ಹೈಸ್ಕೂಲು ಮಕ್ಕಳಿಗೂ ಬಳಸುವುದರಿಂದ ಪ್ರತಿ ಬಾರಿಯೂ ಕೆಲವು ಸ್ಲೈಡ್‌ಗಳು ಬೇಡವಾಗುತ್ತವೆ. ಸ್ಲೈಡ್ ಸೇರಿಸುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ತೆಗೆಯುವ ಕೆಲಸದಲ್ಲಿ ಈ ತಂತ್ರಾಂಶ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಬರೆದವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಆದ್ದರಿಂದ ಈ ವಿಮರ್ಶೆಯನ್ನು ಆ ಒಂದು ಕೆಲಸಕ್ಕೇ ಮೀಸಲಿಟ್ಟಿದ್ದೇನೆ.

ಮೂಲ ಕ್ರಿಯೆ ಅತ್ಯಂತ ಸುಲಭ. ಎಡಬದಿಯ ಪಟ್ಟಿಯಲ್ಲಿ ಬೇಡವಾದ ಸ್ಲೈಡಿನ ಚಿಕ್ಕ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ ಡಿಲೀಟ್ ಕೀಲಿಯನ್ನು ಒತ್ತಿದರೆ ಸಾಕು. ಇಲ್ಲವೇ ರೈಟ್ ಕ್ಲಿಕ್ ಮಾಡಿ ‘ಡಿಲೀಟ್ ಸ್ಲೈಡ್’ ಎಂಬುದನ್ನು ಆರಿಸಬಹುದು. ಹೊಸಬರು ತಡವರಿಸುವುದು ಒಂದೇ ಕಡೆ. ಕರ್ಸರ್ ನಡುವಿನ ದೊಡ್ಡ ಪುಟದಲ್ಲಿದ್ದಾಗ ಅದೇ ಕೀಲಿಯನ್ನು ಒತ್ತಿದರೆ ಸ್ಲೈಡ್ ಹೋಗುವುದಿಲ್ಲ, ಅದರೊಳಗೆ ಆಯ್ಕೆಯಾಗಿರುವ ಚಿತ್ರವೋ ಪಠ್ಯದ ಚೌಕವೋ ಹೋಗುತ್ತದೆ. ಎಡಬದಿಯ ಚಿಕ್ಕ ಚಿತ್ರದ ಸುತ್ತ ಬಣ್ಣದ ಅಂಚು ಮೂಡಿದೆಯೇ ಎಂದು ನೋಡಿಕೊಂಡು ಕೀಲಿ ಒತ್ತುವ ಅಭ್ಯಾಸವಾದರೆ ಈ ತೊಡಕು ಇರುವುದಿಲ್ಲ.

ಹಲವು ಸ್ಲೈಡ್‌ಗಳನ್ನು ಒಟ್ಟಿಗೆ ತೆಗೆಯಬೇಕಾದಾಗ ಎಡಬದಿಯ ಪಟ್ಟಿಗಿಂತ ವ್ಯೂ ವಿಭಾಗದ ಸ್ಲೈಡ್ ಸಾರ್ಟರ್ ನೋಟವೇ ಮೇಲು. ಅಲ್ಲಿ ಇಡೀ ಪಾಠ ಸಾಲುಸಾಲಾಗಿ ಕಣ್ಣ ಮುಂದೆ ಹರಡಿಕೊಳ್ಳುತ್ತದೆ. ಸಾಲಾಗಿರುವವನ್ನು ಆರಿಸಲು ಮೊದಲನೆಯದನ್ನು ಕ್ಲಿಕ್ ಮಾಡಿ, ಶಿಫ್ಟ್ ಕೀಲಿಯನ್ನು ಹಿಡಿದು ಕೊನೆಯದನ್ನು ಕ್ಲಿಕ್ ಮಾಡಬೇಕು; ಅಲ್ಲೊಂದು ಇಲ್ಲೊಂದು ಇರುವವಕ್ಕೆ ಕಂಟ್ರೋಲ್ ಕೀಲಿ. ಹೈಸ್ಕೂಲು ಮಕ್ಕಳ ಎದುರು ಮಾತನಾಡುವಾಗ ಪುರಾತತ್ವಜ್ಞ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ಮಣ್ಣಿನ ಪದರಗಳ ನಕ್ಷೆಗಳು ಬೇಕಾಗುವುದಿಲ್ಲ, ಆದರೆ ಅವುಗಳ ನಡುವೆಯೇ ಇರುವ ಮಡಕೆಗಳ ಚಿತ್ರ ಬೇಕೇ ಬೇಕು. ಕಂಟ್ರೋಲ್ ಹಿಡಿದು ನಕ್ಷೆಗಳನ್ನಷ್ಟೇ ಆರಿಸುತ್ತಾ ಹೋಗುವಾಗ, ಮಡಕೆಯ ಸ್ಲೈಡಿನ ಮುಂದೆ ಯಾವ ವಿವರಣೆ ಬರುತ್ತದೆ, ಅದು ಹೋದರೆ ಮಡಕೆಗೆ ಅರ್ಥ ಉಳಿಯುತ್ತದೆಯೇ ಎಂಬುದು ತಾನಾಗಿ ಕಾಣುತ್ತದೆ. ಪಾಠದ ಓಟವನ್ನು ಹೀಗೆ ಒಂದೇ ನೋಟದಲ್ಲಿ ತೋರಿಸುವುದು ಈ ತಂತ್ರಾಂಶದಲ್ಲಿ ನಾನು ಮನಸಾರೆ ಮೆಚ್ಚುವ ಗುಣ.

ಆದರೆ ಇಷ್ಟು ಕಾಲದ ಬಳಕೆಯಿಂದ ನಾನು ಮುಖ್ಯವಾಗಿ ಹೇಳಬೇಕಾದ ಮಾತು ಬೇರೆ. ಸ್ಲೈಡ್ ‘ಬೇಡ’ ಎನ್ನುವುದರಲ್ಲಿ ಎರಡು ಬಗೆಯಿದೆ: ಇವತ್ತಿನ ಸಭೆಗೆ ಬೇಡವಾದದ್ದು ಒಂದು, ಇನ್ನು ಮುಂದೆ ಎಂದಿಗೂ ಬೇಡವಾದದ್ದು ಇನ್ನೊಂದು. ಇವೆರಡಕ್ಕೂ ಡಿಲೀಟ್ ಕೀಲಿಯನ್ನೇ ಬಳಸುವುದು ನಮ್ಮ ಅಧ್ಯಾಪಕ ಬಳಗದಲ್ಲಿ ತೀರಾ ಸಾಮಾನ್ಯವಾಗಿದ್ದು, ಅದರಿಂದ ಎಷ್ಟೋ ಒಳ್ಳೆಯ ಚಿತ್ರಗಳೂ ಟಿಪ್ಪಣಿಗಳೂ ಕಳೆದುಹೋಗುತ್ತವೆ.

ಎಂದಿಗೂ ಬೇಡವಾದದ್ದಕ್ಕೆ ಮಾರಿಕಣಿವೆಯೇ ಒಳ್ಳೆಯ ಉದಾಹರಣೆ. 1907ರಲ್ಲಿ ಪೂರ್ಣಗೊಂಡ ಅಲ್ಲಿನ ಅಣೆಕಟ್ಟಿನ ಜಲಾಶಯವಾದ ವಾಣಿವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆಂದೂ ತುಂಬಿ ಹರಿದಿಲ್ಲ ಎಂದು ಹೇಳುವ ಸ್ಲೈಡ್ 2022ರ ಸೆಪ್ಟೆಂಬರಿನವರೆಗೆ ಸತ್ಯವಾಗಿತ್ತು. ಆ ತಿಂಗಳು ಕೋಡಿಯಲ್ಲಿ ನೀರು ಹರಿದ ಮೇಲೆ ಅದನ್ನು ಅಳಿಸಲೇಬೇಕಾಯಿತು. ಇಂಥ ಕಡೆ ಡಿಲೀಟ್ ಕೀಲಿಗೆ ಹಿಂದೆಮುಂದೆ ನೋಡಬಾರದು. ದಾವಣಗೆರೆ ಇನ್ನೂ ನಮ್ಮ ಜಿಲ್ಲೆಯೊಳಗಿದ್ದ ಕಾಲದ ನಕಾಶೆಯ ವಿಷಯ ಹಾಗಲ್ಲ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದು ಇಂದಿನ ನಕಾಶೆಯಾಗಿ ಸಲ್ಲುವುದಿಲ್ಲ, ಆದರೆ ಹರಿಹರ, ಜಗಳೂರುಗಳ ಚರಿತ್ರೆಯನ್ನು ದುರ್ಗದೊಂದಿಗೆ ಸೇರಿಸಿ ಹೇಳುವಾಗ ಅದಿಲ್ಲದೆ ಪಾಠ ನಡೆಯುವುದಿಲ್ಲ. ಅದನ್ನು ಮರೆಮಾಡಿಡಬೇಕೇ ಹೊರತು ಅಳಿಸಬಾರದು.

ಇದಕ್ಕಾಗಿ ಇರುವುದು ‘ಹೈಡ್ ಸ್ಲೈಡ್’. ರೈಟ್ ಕ್ಲಿಕ್ ಮಾಡಿ ಅದನ್ನು ಆರಿಸಿದರೆ ಸ್ಲೈಡಿನ ಸಂಖ್ಯೆಯ ಮೇಲೆ ಅಡ್ಡಗೆರೆ ಬೀಳುತ್ತದೆ, ಪ್ರದರ್ಶನದಲ್ಲಿ ಆ ಸ್ಲೈಡ್ ಬರುವುದಿಲ್ಲ, ಕಡತದಲ್ಲಿ ಮಾತ್ರ ಭದ್ರವಾಗಿರುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಹಳೆಯ ಗಡಿಯ ಬಗ್ಗೆ ಪ್ರಶ್ನೆ ಕೇಳಿದರೆ, ಪ್ರದರ್ಶನ ನಡೆಯುತ್ತಿರುವಾಗಲೇ ಆ ಸ್ಲೈಡಿನ ಸಂಖ್ಯೆಯನ್ನು ಒತ್ತಿ ಎಂಟರ್ ಕೊಟ್ಟರೆ ಮರೆಯಲ್ಲಿದ್ದ ನಕಾಶೆ ಪರದೆಯ ಮೇಲೆ ಬರುತ್ತದೆ. ಮರೆಮಾಡಿದ ಸ್ಲೈಡ್‌ಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳುವುದು ನನ್ನ ರೂಢಿ. ಒಂದೇ ಕಡತವನ್ನು ಬೇರೆ ಬೇರೆ ಸಭೆಗಳಿಗೆ ಮತ್ತೆ ಮತ್ತೆ ಬಳಸುವವರು ‘ಕಸ್ಟಮ್ ಸ್ಲೈಡ್ ಶೋ’ ಎಂಬ ಸೌಲಭ್ಯವನ್ನೂ ನೋಡಬೇಕು. ಅದರಲ್ಲಿ ‘ಶಿಬಿರ’, ‘ಹೈಸ್ಕೂಲು’ ಎಂದು ಹೆಸರು ಕೊಟ್ಟು ಬೇಕಾದ ಸ್ಲೈಡ್‌ಗಳ ಪಟ್ಟಿಯನ್ನು ಮಾಡಿಟ್ಟರೆ, ಯಾವುದನ್ನೂ ಅಳಿಸದೆ ಆಯಾ ಸಭೆಗೆ ಬೇಕಾದಷ್ಟನ್ನೇ ತೋರಿಸಬಹುದು.

ಮರೆಮಾಡುವುದರ ಅಪಾಯವನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣ. ಮರೆಮಾಡಿದ ಸ್ಲೈಡ್ ಕಡತದ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಪಿಪಿಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ವಿದ್ಯಾರ್ಥಿಗಳಿಗೆ ಕಳುಹಿಸಿದರೆ ಅವರು ಅದನ್ನು ತೆರೆದು ಎಲ್ಲವನ್ನೂ ನೋಡಬಹುದು. ಮುದ್ರಿಸುವಾಗ ಮರೆಮಾಡಿದ ಸ್ಲೈಡ್‌ಗಳನ್ನೂ ಸೇರಿಸುವ ಗುರುತು ಹಾಕಿದ್ದರೆ ಅವೂ ಕಾಗದದ ಮೇಲೆ ಬರುತ್ತವೆ. ಪಿಡಿಎಫ್ ಮಾಡುವಾಗಲೂ ಅದೇ ಆಯ್ಕೆ ಇದೆ. ಕಿರುಪರೀಕ್ಷೆಯ ಉತ್ತರಗಳಂಥವನ್ನು ಹೊರಗೆ ಕೊಡುವ ಪ್ರತಿಯಿಂದ ಅಳಿಸಿಯೇ ಕಳುಹಿಸಬೇಕು. ಹೀಗಾಗಿ ನಾನು ಪಾಲಿಸುವ ಕ್ರಮ ಇಷ್ಟು: ತಾಯಿ ಕಡತದಲ್ಲಿ ಸುಳ್ಳಾದದ್ದನ್ನು ಮಾತ್ರ ಅಳಿಸುವುದು, ಉಳಿದದ್ದನ್ನು ಮರೆಮಾಡುವುದು, ಹೊರಗೆ ಹೋಗುವ ಪ್ರತಿಯನ್ನು ‘ಸೇವ್ ಆ್ಯಸ್’ ಮೂಲಕ ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಅದರಲ್ಲಿ ಬೇಡವಾದದ್ದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ತೆಗೆಯುವುದು.

ದೊಡ್ಡ ಕಡತಗಳಿಗೆ ‘ಸೆಕ್ಷನ್’ ವ್ಯವಸ್ಥೆ ಉಪಯುಕ್ತ. ಕದಂಬರು, ಪಾಳೆಯಗಾರರು ಎಂದು ಭಾಗ ಮಾಡಿಟ್ಟರೆ ಒಂದು ಭಾಗವನ್ನು ಸ್ಲೈಡ್‌ಗಳ ಸಮೇತ ಒಮ್ಮೆಗೇ ತೆಗೆಯಬಹುದು. ಆದರೆ ಶೀರ್ಷಿಕೆಯನ್ನು ಮಾತ್ರ ತೆಗೆಯುವ ಆಜ್ಞೆಯೂ ಸ್ಲೈಡ್‌ಗಳನ್ನೂ ಸೇರಿಸಿ ತೆಗೆಯುವ ಆಜ್ಞೆಯೂ ಮೆನುವಿನಲ್ಲಿ ಒಂದರ ಕೆಳಗೊಂದು ಇರುವುದರಿಂದ ಓದಿ ಒತ್ತಬೇಕು.

ಈ ತಂತ್ರಾಂಶದ ದೊಡ್ಡ ಕೊರತೆಯೆಂದರೆ, ಅಳಿಸಿದ ಸ್ಲೈಡ್‌ಗಳಿಗೆ ರೀಸೈಕಲ್ ಬಿನ್ನಿನಂಥ ಜಾಗ ಇಲ್ಲದಿರುವುದು. ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಪಡೆಯಬಹುದಾದರೂ ಸಾಮಾನ್ಯವಾಗಿ ಅದಕ್ಕೆ 20 ಹೆಜ್ಜೆಗಳ ಮಿತಿಯಿದೆ. ಆಪ್ಶನ್ಸ್‌ನಲ್ಲಿ ಅದನ್ನು 150ರವರೆಗೆ ಹೆಚ್ಚಿಸಿಕೊಳ್ಳಬಹುದು. ಕಡತವನ್ನು ಮುಚ್ಚಿದರೆ ಆ ದಾರಿಯೂ ಮುಚ್ಚುತ್ತದೆ. ಸ್ಲೈಡಿನ ಕೆಳಗೆ ಬರೆದಿಟ್ಟ ಟಿಪ್ಪಣಿಗಳೂ ಅದರೊಂದಿಗೇ ಹೋಗುತ್ತವೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಹಳೆಯ ಪ್ರತಿಯೊಂದು ಉಳಿದಿದ್ದರೆ ಅದನ್ನು ತೆರೆದು ಬೇಕಾದ ಒಂದನ್ನೇ ಅಲ್ಲಿಂದ ನಕಲು ಮಾಡಿ ತಂದುಕೊಳ್ಳಬಹುದು. ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿ ಇಟ್ಟ ಕಡತಕ್ಕೆ ಹಿಂದಿನ ಆವೃತ್ತಿಗಳು ಸಿಗುತ್ತವೆ. ಗೂಗಲ್ ಸ್ಲೈಡ್ಸ್‌ನಲ್ಲಿಯೂ ಆವೃತ್ತಿಗಳ ಇತಿಹಾಸವಿದೆ, ಮರೆಮಾಡುವುದಕ್ಕೆ ಅಲ್ಲಿ ‘ಸ್ಕಿಪ್ ಸ್ಲೈಡ್’ ಎನ್ನುತ್ತಾರೆ.

ಸ್ಲೈಡ್‌ಗಳನ್ನು ಅಳಿಸಿದರೂ ಕಡತದ ಗಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ ಎನ್ನುವವರು ವ್ಯೂ ವಿಭಾಗದಲ್ಲಿ, ಸ್ಲೈಡ್‌ಗಳ ಮೂಲ ವಿನ್ಯಾಸಗಳಿರುವ ಸ್ಲೈಡ್ ಮಾಸ್ಟರ್ ತೆರೆದು ನೋಡಬೇಕು. ಬೇರೆಯವರ ಪಿಪಿಟಿಯಿಂದ ಮೂಲ ವಿನ್ಯಾಸದ ಸಮೇತ ಸ್ಲೈಡ್ ತಂದಾಗ ಆ ವಿನ್ಯಾಸವೂ ಹಿಂಬಾಲಿಸಿ ಬರುತ್ತದೆ, ಸ್ಲೈಡ್ ಹೋದ ಮೇಲೂ ಅಲ್ಲಿಯೇ ಉಳಿಯಬಹುದು. ಬಳಕೆಯಲ್ಲಿಲ್ಲದ ಲೇಔಟ್‌ಗಳನ್ನು ಅಲ್ಲಿಂದ ಅಳಿಸಬಹುದು.

ಕನ್ನಡ ಬಳಕೆದಾರರಿಗೆ ಎದುರಾಗುವ ಇನ್ನೊಂದು ಕಷ್ಟವಿದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಸ್ಲೈಡ್‌ಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಸಾರ್ಟರ್ ನೋಟದಲ್ಲಿ ಶೀರ್ಷಿಕೆಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಯಾವುದು ಮದಕರಿ ನಾಯಕನದು, ಯಾವುದು ಓಬವ್ವನ ಕಿಂಡಿಯದು ಎಂದು ತಿಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಏನನ್ನೂ ಅಳಿಸಬಾರದು. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ನಿರ್ಮಲಾ ಫಾಂಟಿನಲ್ಲಿ ಇಟ್ಟುಕೊಂಡರೆ, ಈಚಿನ ವಿಂಡೋಸ್ ಇರುವ ಯಾವ ಸಭಾಂಗಣದ ಕಂಪ್ಯೂಟರಿನಲ್ಲಾದರೂ ಶೀರ್ಷಿಕೆ ಓದಿಯೇ ಆರಿಸಬಹುದು.

ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದ ಶಾಲೆಗಳಿಗೆ ಉಚಿತವಾದ ಲಿಬ್ರೆಆಫೀಸ್ ಇಂಪ್ರೆಸ್ ಸಾಕು. ಅಳಿಸುವುದು, ಮರೆಮಾಡುವುದು, ಸಾರ್ಟರ್ ನೋಟ ಮೂರೂ ಅದರಲ್ಲಿವೆ, ಪಿಪಿಟಿಯನ್ನೂ ಅದು ತೆರೆಯುತ್ತದೆ. ಎರಡರ ನಡುವೆ ಕಡತ ಓಡಾಡುವುದಾದರೆ ಅಕ್ಷರಗಳ ಅಳತೆಯೂ ಚಿತ್ರಗಳ ಜಾಗವೂ ಕೆಲವೊಮ್ಮೆ ಕದಲುವುದರಿಂದ, ಬೇಡವಾದದ್ದನ್ನು ತೆಗೆದಾದ ಮೇಲೆ ಸಭೆಯಲ್ಲಿ ಬಳಸುವ ಯಂತ್ರದಲ್ಲಿಯೇ ಮೊದಲ ಸ್ಲೈಡಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ ನೋಡಬೇಕು.