ಬಾಂಡ್ ಚಿತ್ರದ ಅರಮನೆ ತೋರಿಸುತ್ತೇವೆ ಎನ್ನುವ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ

ಗೂಢಚಾರಿ ಚಿತ್ರಗಳ ತಾಣಗಳಿಗೆ ಪ್ರವಾಸ ಎಂಬ ಮಂಗಳೂರಿನ ಏಜೆನ್ಸಿಯೊಂದರ ಜಾಹೀರಾತು ಈ ರಜೆಯಲ್ಲಿ ಮತ್ತೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅದನ್ನು ನಂಬಿ ಉದಯಪುರಕ್ಕೆ ಹೋದ ನಮ್ಮ ಕುಟುಂಬಕ್ಕೆ ಆದದ್ದನ್ನು ಬರೆಯುತ್ತಿದ್ದೇನೆ. ಹಿರಿಯರನ್ನು ಕರೆದುಕೊಂಡು ಹೊರಡುವವರು ದಯವಿಟ್ಟು ಪೂರ್ತಿ ಓದಬೇಕು.

ನನ್ನ ತಂದೆಯವರಿಗೆ ಜೇಮ್ಸ್ ಬಾಂಡ್ ಚಿತ್ರಗಳೆಂದರೆ ಪ್ರಾಣ. ರೋಜರ್ ಮೂರ್ ನಟಿಸಿ 1983ರಲ್ಲಿ ತೆರೆಕಂಡ ‘ಆಕ್ಟೋಪಸಿ’ಯಲ್ಲಿ ಪಿಚೋಲಾ ಸರೋವರದ ನಡುವಿನ ಲೇಕ್ ಪ್ಯಾಲೇಸ್ ನಾಯಕಿಯ ಅರಮನೆಯಾಗಿಯೂ, ಬೆಟ್ಟದ ಮೇಲಿನ ಸಜ್ಜನಗಢ ಖಳನಾಯಕನ ನೆಲೆಯಾಗಿಯೂ ಕಾಣಿಸುತ್ತವೆ. ಏಜೆನ್ಸಿ ಕೊಟ್ಟ ಮುದ್ರಿತ ಹಾಳೆಯಲ್ಲಿ “ಲೇಕ್ ಪ್ಯಾಲೇಸ್ ಒಳಗೆ ವೀಕ್ಷಣೆ, ದೋಣಿ ಸಹಿತ” ಎಂದು ದಪ್ಪಕ್ಷರದಲ್ಲಿತ್ತು. ಮಂಡಿನೋವಿರುವ ತಂದೆಯವರು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಿದ್ದೇ ಆ ಸಾಲನ್ನು ನೋಡಿ.

ದೋಣಿ ಆ ಬಿಳಿ ಅರಮನೆಯನ್ನು ದೂರದಿಂದ ಬಳಸಿ, ದಕ್ಷಿಣದ ಇನ್ನೊಂದು ದ್ವೀಪದಲ್ಲಿ ನಮ್ಮನ್ನು ಇಳಿಸಿತು. ಕಲ್ಲಿನ ಆನೆಗಳು ಸಾಲಾಗಿ ನಿಂತಿರುವ ಆ ದಡದಲ್ಲಿ ತಂದೆಯವರು ಸುತ್ತಲೂ ನೋಡಿ, “ಇದು ಅದಲ್ಲ ಮಾರಾಯ, ಅದು ನೀರಿನಿಂದಲೇ ಎದ್ದ ಹಾಗೆ ಇತ್ತು” ಎಂದರು. ಅವರ ಮಾತು ನಿಜವಾಗಿತ್ತು. ನಾವು ಇಳಿದದ್ದು ಜಗ ಮಂದಿರದಲ್ಲಿ. ಹಾಳೆಯಲ್ಲಿದ್ದ ಲೇಕ್ ಪ್ಯಾಲೇಸ್ ಎಂದರೆ ಜಗ ನಿವಾಸ. 1740ರ ದಶಕದಲ್ಲಿ ಮಹಾರಾಣಾ ಎರಡನೆಯ ಜಗತ್ ಸಿಂಹ ಕಟ್ಟಿಸಿದ ಅದು ಈಗ ಐಷಾರಾಮಿ ಹೋಟೆಲಾಗಿದ್ದು, ಟಿಕೆಟ್ ಕೊಂಡು ಒಳಗೆ ನೋಡಿಬರುವ ಜಾಗವೇ ಅಲ್ಲ. ಇದರಲ್ಲಿ ಹೋಟೆಲಿನವರದ್ದಾಗಲಿ ದೋಣಿಯವರದ್ದಾಗಲಿ ತಪ್ಪು ಎಳ್ಳಷ್ಟೂ ಇಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ, “ಎರಡೂ ಲೇಕಿನ ಮಧ್ಯದ ಪ್ಯಾಲೇಸೇ ಅಲ್ವಾ ಸರ್” ಎಂಬ ಉತ್ತರ ಬಂತು. ಹೆಸರುಗಳ ಹೋಲಿಕೆಯನ್ನು ಬಳಸಿಕೊಂಡು ವಯಸ್ಸಾದವರ ಆಸೆಯನ್ನು ಮಾರುವುದು ಶುದ್ಧ ವಂಚನೆ ಎಂದೇ ನನ್ನ ಅಭಿಪ್ರಾಯ.

ಸಜ್ಜನಗಢ ಇರುವುದು ವನ್ಯಧಾಮದೊಳಗೆ. “ಎಲ್ಲವೂ ಸೇರಿದೆ” ಎಂದಿದ್ದರೂ ಅರಣ್ಯ ಇಲಾಖೆಯ ಗೇಟಿನಲ್ಲಿ ಪ್ರವೇಶ ಶುಲ್ಕವನ್ನು ನಾವೇ ಕಟ್ಟಬೇಕಾಯಿತು. ಮೇಲಿನಿಂದ ಕಾಣುವ ಸರೋವರಗಳ ನೋಟ ಮಾತ್ರ ನಿಜಕ್ಕೂ ಸುಂದರ. ಬಾಂಡ್ ಚಿತ್ರ ನೋಡದವರೂ ಅದಕ್ಕಾಗಿ ಹೋಗಬಹುದು.

ಇದೇ ಏಜೆನ್ಸಿ ಈಗ ಥಾಯ್ಲೆಂಡಿನ ‘ಜೇಮ್ಸ್ ಬಾಂಡ್ ದ್ವೀಪ’ಕ್ಕೂ ಹಣ ಸಂಗ್ರಹಿಸುತ್ತಿದ್ದು, 1974ರ ಚಿತ್ರದಲ್ಲಿ ಕಾಣುವ ಬಂಡೆಯ ಬುಡಕ್ಕೇ ದೋಣಿ ಹೋಗುತ್ತದೆ ಎನ್ನುತ್ತಿದೆ. ಕೊ ತಾಪು ಎಂಬ, ಸುಮಾರು 20 ಮೀಟರ್ ಎತ್ತರದ ಆ ಸುಣ್ಣಕಲ್ಲಿನ ಬಂಡೆಯ ಬುಡ ಸವೆಯುತ್ತಿರುವುದರಿಂದ, 1998ರಿಂದಲೇ ಪ್ರವಾಸಿ ದೋಣಿಗಳು ಅದರ ಹತ್ತಿರ ಸುಳಿಯುವಂತಿಲ್ಲ. ಪಕ್ಕದ ದ್ವೀಪದ ದಡದಲ್ಲಿ ನಿಂತು ನೋಡಬೇಕು, ಅಷ್ಟೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಪ್ರತಿ ತಾಣದ ಎದುರು ಒಳಪ್ರವೇಶವೋ ಹೊರನೋಟವೋ, ಶುಲ್ಕ ಯಾರದ್ದು ಎಂಬುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಹೋಟೆಲಾಗಿರುವ ಅರಮನೆಯಾದರೆ ಅಲ್ಲಿಗೇ ಫೋನ್ ಮಾಡಿ ವಿಚಾರಿಸಿ. ಈಗಾಗಲೇ ಮೋಸಹೋದವರು ಆ ಹಾಳೆ, ರಸೀದಿ, ವಾಟ್ಸಾಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ನಾವು ಅದೇ ದಾಖಲೆಗಳನ್ನು ಲಗತ್ತಿಸಿ ದೂರು ಸಲ್ಲಿಸಿದ್ದೇವೆ.