ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್: ನಮ್ಮ ಕಾಸರಗೋಡಿನ ಖರ್ಚಿಗೆ ಗಿಟ್ಟುತ್ತದಾ?

ನನ್ನ ಹತ್ತಿರ ಎರಡು ಕ್ಯಾಶ್‌ಬ್ಯಾಕ್ ಕಾರ್ಡುಗಳಿವೆ, ಅಂದರೆ ಖರ್ಚು ಮಾಡಿದ ಹಣದಲ್ಲಿ ಒಂದು ಸಣ್ಣ ಪಾಲು ವಾಪಸ್ ಕೊಡುವ ಕ್ರೆಡಿಟ್ ಕಾರ್ಡುಗಳು. ಒಂದು ಅಮೆಜಾನ್ ಪೇ ಐಸಿಐಸಿಐ, ಇನ್ನೊಂದು ಕ್ಯಾಶ್‌ಬ್ಯಾಕ್ ಎಸ್‌ಬಿಐ ಕಾರ್ಡ್. ಮೊದಲನೆಯದಕ್ಕೆ ವಾರ್ಷಿಕ ಶುಲ್ಕ ಇಲ್ಲ. ಎರಡನೆಯದಕ್ಕೆ ವರ್ಷಕ್ಕೆ 999 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಎರಡನ್ನೂ ಕೆಲವು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್, ಮನೆಯವರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ.

ಮನೆ ವಿಷಯ ಇಲ್ಲಿ ಯಾಕೆ ಅಂದರೆ, ಈ ಕಾರ್ಡುಗಳ ಬಗ್ಗೆ ಹೇಳುವವರೆಲ್ಲ ಬೆಂಗಳೂರಿನ ಖರ್ಚು ಹಿಡಿದು ಲೆಕ್ಕ ಹಾಕುತ್ತಾರೆ. ದಿನಾ ಸ್ವಿಗ್ಗಿ, ದಿನಾ ಉಬರ್, ವಾರಕ್ಕೊಮ್ಮೆ ಮಾಲ್. ಆ ಲೆಕ್ಕದಲ್ಲಿ ಯಾವ ಕಾರ್ಡೂ ಲಾಭವೇ. ನಮ್ಮ ಹಣ ಹೋಗುವ ದಾರಿಯೇ ಬೇರೆ.

ನಮ್ಮ ಮನೆಯ ದೊಡ್ಡ ಖರ್ಚು ತೋಟದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರ ಕೂಲಿ, ಅಡಿಕೆ ಕೊಯ್ಲಿನ ಕೂಲಿ, ಸುಲಿಯುವವರ ಕೂಲಿ, ಎಲ್ಲ ನಗದು. ಈಗೀಗ ಕೆಲವರು ಗೂಗಲ್ ಪೇ ಕೇಳುತ್ತಾರೆ, ಆದರೆ ಅದು ಬ್ಯಾಂಕ್ ಖಾತೆಯಿಂದ ಹೋಗುವ ಹಣ, ಕಾರ್ಡಿಗೆ ಸಂಬಂಧ ಇಲ್ಲ. ಮೈಲುತುತ್ತು, ಸುಣ್ಣ, ಗೊಬ್ಬರ ಸೊಸೈಟಿಯಿಂದ ಬರುತ್ತದೆ. ಅಲ್ಲಿ ನಮ್ಮ ಲೆಕ್ಕದ ಪುಸ್ತಕ ಇದೆ, ಕಾರ್ಡ್ ಉಜ್ಜುವ ಮೆಷಿನ್ ಇಲ್ಲ. ದಿನಸಿಯಲ್ಲಿ ಒಂದಷ್ಟು ಕೇರಳ ಸರಕಾರದ ಮಾವೇಲಿ ಸ್ಟೋರ್, ಒಂದಷ್ಟು ಪೇಟೆಯ ಅಂಗಡಿ. ಎರಡು ತಿಂಗಳಿಗೊಮ್ಮೆ ಕೆಎಸ್‌ಇಬಿಯ ಕರೆಂಟ್ ಬಿಲ್. ಮಗಳ ಕಾಲೇಜು ಫೀಸ್. ಸ್ಕೂಟರಿಗೆ, ಜೀಪಿಗೆ ಎಣ್ಣೆ.

ಈ ಪಟ್ಟಿಯನ್ನು ಎಸ್‌ಬಿಐ ಕಾರ್ಡಿನ ನಿಯಮದ ಪಕ್ಕದಲ್ಲಿ ಇಟ್ಟು ನೋಡಿ. ಆನ್‌ಲೈನ್ ಖರೀದಿಗೆ 5%, ಅಂಗಡಿಯಲ್ಲಿ ಸ್ವೈಪ್ ಮಾಡಿದರೆ 1%. ಕೇಳುವುದಕ್ಕೆ ಚಂದ. ಆದರೆ ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು, ಇನ್ಶೂರೆನ್ಸ್, ಕರೆಂಟ್ ಬಿಲ್, ಶಾಲೆ-ಕಾಲೇಜು ಫೀಸ್, ಚಿನ್ನ, ರೈಲು ಟಿಕೆಟ್ ಇವಕ್ಕೆ ಏನೂ ಸಿಗುವುದಿಲ್ಲ. ಅಂದರೆ ನಮ್ಮ ಮನೆಯಲ್ಲಿ ತಪ್ಪಿಸಲಾಗದ ಖರ್ಚುಗಳೇ ಹೊರಗೆ ಉಳಿದವು. ಒಳಗೆ ಉಳಿದದ್ದು ಬಟ್ಟೆಬರೆ, ಪುಸ್ತಕ, ಮಿಕ್ಸಿ, ಮೊಬೈಲ್, ಕಳೆ ಕೊಚ್ಚುವ ಮೆಷಿನಿನ ಬ್ಲೇಡು, ಸ್ಪ್ರೇಯರಿನ ಬಿಡಿಭಾಗ, ಮಗಳ ಬಸ್ ಟಿಕೆಟ್. ಇವೂ ಸಣ್ಣ ಮೊತ್ತ ಅಲ್ಲ. ಒಳಗಿನ ಹಳ್ಳಿಯಲ್ಲಿ ಇರುವವರು ಆನ್‌ಲೈನಿನಲ್ಲಿ ತರಿಸುವುದು ಜಾಸ್ತಿಯೇ. ಬ್ಲೇಡು ಹುಡುಕಿಕೊಂಡು ಕಾಸರಗೋಡು ಪೇಟೆಗೆ ಹೋದರೆ ಬಸ್ಸಿನ ಖರ್ಚು, ಅರ್ಧ ದಿನ ಎರಡೂ ಹೋಗುತ್ತದೆ.

ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಶುಲ್ಕದ ಲೆಕ್ಕ. 999ಕ್ಕೆ ಜಿಎಸ್‌ಟಿ ಸೇರಿದರೆ ಸುಮಾರು 1,179. 5%ರಲ್ಲಿ ಇಷ್ಟು ವಾಪಸ್ ಬರಬೇಕಾದರೆ ವರ್ಷಕ್ಕೆ 23,600 ರೂಪಾಯಿ ಹತ್ತಿರ ಆನ್‌ಲೈನ್ ಖರೀದಿ ಬೇಕು. ತಿಂಗಳಿಗೆ ಎರಡು ಸಾವಿರ. ಅಷ್ಟು ಯಾರ ಮನೆಯಲ್ಲೂ ಆಗುತ್ತದೆ ಅನ್ನಿಸುತ್ತದೆ ಅಲ್ವಾ? ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಆದರೆ ನನ್ನ ಕೈಯಲ್ಲಿ ಶುಲ್ಕವಿಲ್ಲದ ಇನ್ನೊಂದು ಕಾರ್ಡ್ ಇದೆ. ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಅಮೆಜಾನಿನ ಖರೀದಿಗೆ ಪ್ರೈಮ್ (ಅಮೆಜಾನಿಗೆ ಹಣ ಕೊಟ್ಟು ಪಡೆಯುವ ಸದಸ್ಯತ್ವ) ಇದ್ದವರಿಗೆ 5%, ಇಲ್ಲದವರಿಗೆ 3% ಕೊಡುತ್ತದೆ. ನಾನು ಪ್ರೈಮ್ ಇಲ್ಲದವಳು. ಹಾಗಿದ್ದ ಮೇಲೆ ಅಮೆಜಾನಿನಲ್ಲಿ ಎಸ್‌ಬಿಐ ಕಾರ್ಡ್ ನನಗೆ ಹೆಚ್ಚಿಗೆ ಕೊಡುವುದು ಬರೀ 2%. ಆ 2%ರಿಂದ 1,179 ಹುಟ್ಟಬೇಕಾದರೆ ವರ್ಷಕ್ಕೆ 59,000 ರೂಪಾಯಿ ಖರೀದಿ ಆಗಬೇಕು. ಲೆಕ್ಕ ಒಮ್ಮೆಲೇ ಬದಲಾಯಿತು. ಸರಿ, ಪ್ರೈಮನ್ನೇ ತೆಗೆದುಕೊಂಡರೆ? ಅದಕ್ಕೆ ವರ್ಷಕ್ಕೆ 1,499. ಬರೀ ಈ 2%ಗೋಸ್ಕರ ಪ್ರೈಮ್ ತೆಗೆದುಕೊಳ್ಳುವವರು 75,000 ರೂಪಾಯಿ ಖರ್ಚು ಮಾಡಿದರೆ ಮಾತ್ರ ಸಮ. ಸಿನಿಮಾ ನೋಡುವವರಿಗೆ, ಬೇಗ ಸಾಮಾನು ಬರಬೇಕು ಅನ್ನುವವರಿಗೆ ಪ್ರೈಮ್ ಇರಲಿ, ಕ್ಯಾಶ್‌ಬ್ಯಾಕಿಗೆ ಅಂತ ಬೇಡ.

ಎಸ್‌ಬಿಐ ಕಾರ್ಡ್ ನಿಜವಾಗಿ ಕೆಲಸ ಮಾಡುವುದು ಅಮೆಜಾನಿನ ಹೊರಗೆ. ಯಾವ ಸೈಟ್ ಅಂತ ಅದು ಕೇಳುವುದಿಲ್ಲ. ಬೀಜ, ಗಿಡ ಮಾರುವ ಸಣ್ಣ ಸೈಟಾಗಲಿ, ಬಟ್ಟೆಯ ಸೈಟಾಗಲಿ, ಬಸ್ ಬುಕಿಂಗ್ ಆಗಲಿ 5% ಬರುತ್ತದೆ. ಇನ್ನೊಂದು ಒಳ್ಳೆಯ ಗುಣ, ಕ್ಯಾಶ್‌ಬ್ಯಾಕ್ ತಾನಾಗಿಯೇ ಕಾರ್ಡ್ ಖಾತೆಗೆ ಜಮೆ ಆಗುತ್ತದೆ, ಸ್ಟೇಟ್‌ಮೆಂಟ್ (ತಿಂಗಳ ಬಿಲ್) ಬಂದ ಎರಡು ಕೆಲಸದ ದಿನದೊಳಗೆ. ಪಾಯಿಂಟ್ ಇಲ್ಲ, ವೋಚರ್ ಇಲ್ಲ, ರಿಡೀಮ್ ಮಾಡುವ ರಗಳೆ ಇಲ್ಲ. ಅಮೆಜಾನ್ ಕಾರ್ಡಿನದು ಅಮೆಜಾನ್ ಪೇ ಬ್ಯಾಲೆನ್ಸ್ ಆಗಿ ಬರುತ್ತದೆ. ಅದೂ ಹಣವೇ, ಆದರೆ ಅಲ್ಲೇ ಖರ್ಚು ಮಾಡಬೇಕಾದ ಹಣ. ನನಗೆ ಅದರಿಂದ ಏನೂ ತೊಂದರೆ ಆಗಿಲ್ಲ, ಆದರೂ ಬ್ಯಾಲೆನ್ಸ್ ಇದೆ ಅಂತ ಬೇಡದ ಡಬ್ಬ, ಬುಟ್ಟಿ ತರಿಸುವ ಮನಸ್ಸು ಎಲ್ಲರಿಗೂ ಬರುತ್ತದೆ.

ನಿಯಮ ಬದಲಾಗುವುದಕ್ಕೂ ತಯಾರಿರಬೇಕು. ಎಸ್‌ಬಿಐ ಕಾರ್ಡ್ 2022ರಲ್ಲಿ ಬಂದಾಗ ತಿಂಗಳಿಗೆ 10,000 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. 2023ರ ಮೇ 1ರಿಂದ ಅದು 5,000ಕ್ಕೆ ಇಳಿಯಿತು, ಏರ್‌ಪೋರ್ಟ್ ಲೌಂಜ್ ಸೌಲಭ್ಯವೂ ಹೋಯಿತು. ನಮ್ಮಂಥವರಿಗೆ ಆ 5,000ದ ಮಿತಿ ಮುಟ್ಟುವ ಪ್ರಶ್ನೆಯೇ ಇರಲಿಲ್ಲ, ಅದಕ್ಕೆ ತಿಂಗಳಿಗೆ ಲಕ್ಷ ರೂಪಾಯಿ ಆನ್‌ಲೈನ್ ಖರೀದಿ ಬೇಕಿತ್ತು. ಲೌಂಜ್ ಅಂತೂ ಬೇಡವೇ ಬೇಡ. ಆದರೆ ಇವತ್ತಿನ ಶೇಕಡಾವಾರು ನೋಡಿ ಐದು ವರ್ಷದ ಲೆಕ್ಕ ಹಾಕಬೇಡಿ. ಪ್ರತಿ ವರ್ಷ ಶುಲ್ಕ ಬೀಳುವ ತಿಂಗಳಲ್ಲಿ ಹೊಸದಾಗಿ ಲೆಕ್ಕ ಹಾಕಿ.

ಎಣ್ಣೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಪೆಟ್ರೋಲಿಗೆ ಕ್ಯಾಶ್‌ಬ್ಯಾಕ್ ಇರುವ ಕಾರ್ಡ್ ಯಾವುದು ಅಂತ ಸ್ಟಾಫ್ ರೂಮಿನಲ್ಲಿ ಯಾವಾಗಲೂ ಚರ್ಚೆ. ಗಡಿಯವರಿಗೆ ಆ ಚರ್ಚೆಯೇ ಬೇಡ. ಕೇರಳ ಸರಕಾರ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದೆ. ಅದಕ್ಕೆ ಮೊದಲೇ ಇಲ್ಲಿ ದರ ಜಾಸ್ತಿ ಇತ್ತು. ನೂರು ರೂಪಾಯಿ ಪೆಟ್ರೋಲಿಗೆ 1% ಅಂದರೆ ಒಂದು ರೂಪಾಯಿ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಬಂದ ಕೂಡಲೇ ಸಿಗುವ ಬಂಕಿನಲ್ಲಿ ಲೀಟರಿಗೆ ಉಳಿಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಮಗಳನ್ನು ಹಾಸ್ಟೆಲಿಗೆ ಬಿಡಲು ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುವುದೇ ನಮ್ಮ ಇಂಧನ ಕ್ಯಾಶ್‌ಬ್ಯಾಕ್.

ಅಂಗಡಿಯ 1%ರ ಕಥೆ ಬೇಗ ಮುಗಿಯುತ್ತದೆ. ಪೇಟೆಯಲ್ಲಿ ಈಗ ಎಲ್ಲೆಲ್ಲೂ ಕ್ಯೂಆರ್ ಕೋಡ್. ನನ್ನ ಎರಡೂ ಕಾರ್ಡುಗಳು ವೀಸಾ, ಆದ್ದರಿಂದ ಯುಪಿಐಗೆ ಸೇರುವುದಿಲ್ಲ. ವೀಸಾದಂಥದ್ದೇ ನಮ್ಮ ದೇಶದ ಜಾಲ ರುಪೇ, 2022ರಿಂದ ಅದರ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ದಿನಸಿಯನ್ನೂ ಕಾರ್ಡಿನಲ್ಲೇ ಮಾಡಬೇಕು ಅನ್ನುವವರು ರುಪೇಯನ್ನೇ ಕೇಳಿ ತೆಗೆದುಕೊಳ್ಳಿ. ಆದರೂ ತರಕಾರಿಯವರು ಅಂಟಿಸಿದ್ದು ತಮ್ಮ ಸ್ವಂತ ಖಾತೆಯ ಕ್ಯೂಆರ್ ಆಗಿದ್ದರೆ ಅದಕ್ಕೆ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗುವುದಿಲ್ಲ, ವ್ಯಾಪಾರಿ ಕ್ಯೂಆರ್ ಇರಬೇಕು. ಇನ್ನು ಮೆಷಿನ್ ಇರುವ ಕಡೆ ಬೇರೆ ತರಲೆ. ಫ್ರಿಜ್ ತೆಗೆದುಕೊಳ್ಳಲು ಹೋದ ಒಂದು ಅಂಗಡಿಯಲ್ಲಿ, ಕಾರ್ಡಾದರೆ 2% ಹೆಚ್ಚಿಗೆ ಕೊಡಬೇಕು ಟೀಚರೇ ಅಂದರು. 1% ಪಡೆಯಲು 2% ಕೊಡುವುದಾ? ಗೂಗಲ್ ಪೇ ಮಾಡಿ ತಂದೆವು.

ಈಗ ಮುಖ್ಯ ವಿಷಯ. ನಮ್ಮ ಕಡೆಯವರಿಗೆ ಇದೇ ದೊಡ್ಡದು. ಕಾರ್ಡಿನ ಬಿಲ್ ತಿಂಗಳಿಗೊಮ್ಮೆ ಬರುತ್ತದೆ. ಅಡಿಕೆಯ ಹಣ ತಿಂಗಳಿಗೊಮ್ಮೆ ಬರುವುದಿಲ್ಲ. ಹಣ್ಣಡಿಕೆ ಒಣಗಿಸಿ, ಸುಲಿದು, ಚಾಲಿ ಮಾಡಿ ಮೂಟೆ ಕಟ್ಟಿ ಇಟ್ಟ ಮೇಲೆ ದರ ಏರಲಿ ಅಂತ ಕಾಯುತ್ತೇವೆ. ಹಳೆ ಅಡಿಕೆಗೆ ಒಳ್ಳೆ ದರ ಬಂದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೋ ಪೇಟೆಯ ಮಂಡಿಗೋ ಕೊಡುತ್ತೇವೆ. ಬೆಳೆಗಾರರ ಶಕ್ತಿ ಇರುವುದೇ ಕಾಯುವುದರಲ್ಲಿ. ತಿಂಗಳ ನಿರ್ದಿಷ್ಟ ತಾರೀಕಿಗೆ ಕಾರ್ಡಿನ ಬಿಲ್ ಕಟ್ಟಲೇಬೇಕು ಅಂತಾದರೆ ಆ ಶಕ್ತಿ ಹೋಯಿತು. ದರ ಇಳಿದಿದ್ದರೂ ಎರಡು ಮೂಟೆ ಮಾರಬೇಕು. ಕ್ವಿಂಟಾಲಿಗೆ ಸಾವಿರ ರೂಪಾಯಿ ಕಮ್ಮಿಗೆ ಕೊಟ್ಟರೆ, ಕಾರ್ಡ್ ಕೊಟ್ಟ ಕ್ಯಾಶ್‌ಬ್ಯಾಕ್ ಯಾವ ಮೂಲೆಗೆ?

ಕಟ್ಟದೆ ಬಿಟ್ಟರೆ ಇನ್ನೂ ಕಷ್ಟ. ಬಡ್ಡಿ ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೆ 3.5ರಿಂದ 3.75%. ಬಡ್ಡಿಯ ಮೇಲೆ ಮತ್ತೆ 18% ಜಿಎಸ್‌ಟಿ. 20,000 ರೂಪಾಯಿ ಆನ್‌ಲೈನ್ ಖರೀದಿಗೆ ನಿಮಗೆ ಬಂದದ್ದು 1,000. ಆ 20,000 ಒಂದು ತಿಂಗಳು ಬಾಕಿ ಉಳಿದರೆ 3.75%ರ ಲೆಕ್ಕದಲ್ಲಿ ಬಡ್ಡಿ 750, ಜಿಎಸ್‌ಟಿ 135, ಒಟ್ಟು 885. ಇಷ್ಟೇ ಅಲ್ಲ. ಬಡ್ಡಿ ಕೊನೆಯ ದಿನಾಂಕದಿಂದ ಶುರುವಾಗುವುದಿಲ್ಲ, ಖರೀದಿ ಮಾಡಿದ ದಿನದಿಂದ ಹಾಕುತ್ತಾರೆ. ಬಾಕಿ ತೀರುವ ತನಕ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಮಿನಿಮಮ್ ಡ್ಯೂ ಅಂತ ಸಣ್ಣ ಮೊತ್ತ ಕಾಣುತ್ತದಲ್ಲ, ಅದನ್ನು ಕಟ್ಟಿದರೆ ಲೇಟ್ ಫೀಸ್ ತಪ್ಪುತ್ತದೆ ಅಷ್ಟೇ, ಬಡ್ಡಿ ತಪ್ಪುವುದಿಲ್ಲ.

ಅದಕ್ಕೇ ನಮ್ಮ ಮನೆಯಲ್ಲಿ ಎರಡೂ ಕಾರ್ಡ್ ನನ್ನ ಹೆಸರಿನಲ್ಲಿ. ಸಂಬಳ ತಿಂಗಳ ಮೊದಲ ವಾರದಲ್ಲಿ ಬರುತ್ತದೆ, ಬಿಲ್ ಪೂರ್ತಿ ಖಾತೆಯಿಂದ ತಾನಾಗಿ ಹೋಗುವ ಹಾಗೆ ಆಟೋ ಡೆಬಿಟ್ ಇಟ್ಟಿದ್ದೇನೆ. ಸಂಬಳದ ತಾರೀಕಿಗೂ ಬಿಲ್ಲಿನ ತಾರೀಕಿಗೂ ತಾಳೆ ಆಗದಿದ್ದರೆ ಬಿಲ್ಲಿಂಗ್ ಸೈಕಲ್ ಬದಲಾಯಿಸಲು ಕೇಳಬಹುದು. ಕನಿಷ್ಠ ಒಂದು ಸಲ ಆ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಕ್ಯಾಶ್‌ಬ್ಯಾಕಿಗಿಂತ ಜಾಸ್ತಿ ಉಪಯೋಗ ಆದದ್ದು ಆಸ್ಪತ್ರೆಯಲ್ಲಿ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. ಅತ್ತೆಯ ಆಪರೇಷನ್ ಬಿಲ್ ಕಾರ್ಡಿನಲ್ಲಿ ಕಟ್ಟಿದೆವು. 1% ಬಂತೋ ಬಿಟ್ಟಿತೋ, ಅದರ ಮೇಲೆ ಯಾರಿಗೂ ಗಮನ ಇರಲಿಲ್ಲ. ಸ್ಟೇಟ್‌ಮೆಂಟ್ ಆದ ಮರುದಿನವೇ ಆದ ಖರ್ಚು, ಹಾಗಾಗಿ ಕಟ್ಟಲು ಐವತ್ತು ದಿನದ ಹತ್ತಿರ ಸಮಯ ಸಿಕ್ಕಿತು. ಅಷ್ಟರಲ್ಲಿ ಒಳ್ಳೆ ದರ ಬಂದು ಅಡಿಕೆಯೂ ಹೋಯಿತು. ಚಿನ್ನ ಅಡವಿಡುವುದು ತಪ್ಪಿತು.

ಕಸ್ಟಮರ್ ಕೇರ್ ಬಗ್ಗೆ ಎರಡು ಮಾತು. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ, ಕಾರ್ಡ್ ಮಾರಲು ಬರುವ ಫೋನುಗಳೆಲ್ಲ ಹೀಗೆಯೇ. ನಮ್ಮ ಕಾಸರಗೋಡಿನ ಪಿನ್ ಕೋಡ್ 671ರಿಂದ ಶುರು, ಅದನ್ನು ಕಂಡರೆ ನಮ್ಮ ಹತ್ತಿರ ಮಾತಾಡುವುದು ಮಲಯಾಳದಲ್ಲೇ. ನನಗೆ ಅದು ಕಷ್ಟ ಅಲ್ಲ, ಅತ್ತೆಗೆ ಕಷ್ಟ. ನಿಯಮಗಳನ್ನು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಕೊಟ್ಟರೆ ಒಳ್ಳೆಯದು ಅಂತ ರಿಸರ್ವ್ ಬ್ಯಾಂಕ್ ಹೇಳುತ್ತದೆ. ನಮ್ಮ ಸ್ಥಳೀಯ ಭಾಷೆ ಯಾವುದು ಅಂತ ಅವರಿಗೆ ಯಾರು ತಿಳಿಸುವುದೋ! ಇನ್ನೊಂದು, ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಒಟಿಪಿ ಹೇಳಿ ಅಂತ ಫೋನ್ ಬಂದರೆ ಇಟ್ಟುಬಿಡಿ. ಈ ಎರಡು ಕಾರ್ಡುಗಳಲ್ಲಿ ನಾವು ರಿಡೀಮ್ ಮಾಡಬೇಕಾದ ಪಾಯಿಂಟೇ ಇಲ್ಲ. ಹಣ ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮೆಜಾನ್ ಕಾರ್ಡನ್ನು ನಾನು ಇಟ್ಟುಕೊಳ್ಳುತ್ತೇನೆ, ಖರ್ಚಿಲ್ಲದೆ ಇರುತ್ತದೆ. ಎಸ್‌ಬಿಐ ಕಾರ್ಡ್ ಮಗಳು ಓದುವ ತನಕ ಇರಲಿ ಅಂತ ಇದೆ, ಅವಳ ಬಸ್, ಬಟ್ಟೆ, ಪುಸ್ತಕ ಎಲ್ಲ ಅದರಲ್ಲೇ. ವರ್ಷಕ್ಕೆ 2 ಲಕ್ಷ ಖರ್ಚಾದರೆ ಶುಲ್ಕ ಮನ್ನಾ ಅನ್ನುತ್ತಾರೆ, ಅದನ್ನು ಮುಟ್ಟಲು ನಾನು ಹೋಗುವುದಿಲ್ಲ. ಲೆಕ್ಕ ತಪ್ಪಿದ ವರ್ಷ ಮುಚ್ಚಲು ಬರೆದು ಕೊಟ್ಟರಾಯಿತು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಮಗೆ ಕೊಡಬೇಕು.

ಮೊನ್ನೆ ಭಾವ ಕೇಳಿದರು, "ಅತ್ತಿಗೆ, ನನಗೆ ಸಂಬಳ ಇಲ್ಲ, ಬರೀ ತೋಟ. ನನಗೂ ಒಂದು ಕಾರ್ಡ್ ಸಿಕ್ಕೀತಾ?" ಸಿಗುತ್ತದೆ. ಸಂಬಳದ ಚೀಟಿ ಇಲ್ಲದವರಿಗೆ ಕೆಲವು ಬ್ಯಾಂಕುಗಳು ಎಫ್‌ಡಿ ಇಟ್ಟುಕೊಂಡು ಕಾರ್ಡ್ ಕೊಡುತ್ತವೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಬಿಲ್ ಕಟ್ಟದಿದ್ದರೆ ಅದರಿಂದ ಮುರಿದುಕೊಳ್ಳುತ್ತಾರೆ. ಶುಲ್ಕ ಇಲ್ಲದ್ದನ್ನೇ ಕೇಳಿ ಅಂದೆ. ಅಡಿಕೆ ಮಾರಿದ ಹಣದಲ್ಲಿ ನಾಲ್ಕೈದು ತಿಂಗಳ ಬಿಲ್ಲಿಗೆ ಆಗುವಷ್ಟು ಉಳಿತಾಯ ಖಾತೆಯಲ್ಲಿ ಬೇರೆ ಇಟ್ಟು, ಆಮೇಲೆ ಅರ್ಜಿ ಹಾಕಿ ಅಂತಲೂ ಹೇಳಿದೆ. ಅವರು ಈಗ ದರ ನೋಡುತ್ತಿದ್ದಾರೆ.