ರೆಡಿ ಪ್ಲಗಿನ್ನಾ, ಕೋಡ್ ತಿದ್ದಿಸೋದಾ?

ದಾವಣಗೆರೆಯ ನಿಮ್ಮ ಸೀರೆ ಅಂಗಡಿ ವೆಬ್‌ಸೈಟನ್ನು ಕಣ್ಣು ಕಾಣದವರೂ ಬಳಸಬೇಕು, ಅದಕ್ಕೆ ಪ್ಲಗಿನ್ (ಸೈಟ್‌ಗೆ ಜೋಡಿಸುವ ಸಿದ್ಧ ಸಾಫ್ಟ್‌ವೇರ್) ಸಾಕಾ, ಸೈಟಿನ ಕೋಡನ್ನೇ ತಿದ್ದಿಸಬೇಕಾ ಅಂತ ಕೇಳಿದ್ದೀರಿ.

ಪ್ಲಗಿನ್ ಹತ್ತು ನಿಮಿಷದ ಕೆಲಸ, ಆದರೆ ಹೆಚ್ಚಿನವಕ್ಕೆ ತಿಂಗಳು ತಿಂಗಳು ದುಡ್ಡು. ಕೋಡ್ ತಿದ್ದಿಸಲು ಒಮ್ಮೆಗೇ ಜಾಸ್ತಿ ಬೀಳುತ್ತದೆ.

ಉಪಯೋಗ? ಫೋಟೊಗೆ ವಿವರಣೆ ಇಲ್ಲದಿದ್ದರೆ ಸ್ಕ್ರೀನ್ ರೀಡರ್ (ಪರದೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್) ಬರೀ ಫೈಲ್ ಹೆಸರು ಓದೀತು. "ಹಸಿರು ಇಳಕಲ್ ಸೀರೆ, ಕೆಂಪು ಸೆರಗು" ಅಂತ ನೀವೇ ಬರೆಯಬೇಕು. ಫೋಟೊದಲ್ಲಿ ಏನಿದೆ ಅಂತ ಪ್ಲಗಿನ್ ಮಾಡೋ ಊಹೆ ನಂಬೋ ಹಾಗಿಲ್ಲ. ಪ್ಲಗಿನ್ ಕೊಡೋ ಅಕ್ಷರ ಹಿಗ್ಗಿಸೋ ಸೌಲಭ್ಯವಂತೂ ಬ್ರೌಸರ್‌ನಲ್ಲೇ ಇದೆ, ಅಲ್ವಾ?

ಹೇಗೂ ಸೈಟ್ ಬದಲಾಯಿಸುವವರಿದ್ದರೆ ಅಲ್ಲಿವರೆಗೆ ಪ್ಲಗಿನ್ ಇರಲಿ. ಆನ್‌ಲೈನ್ ಆರ್ಡರ್ ತಗೊಳ್ಳೋದಾದರೆ ಕೋಡೇ ತಿದ್ದಿಸಿ. ಮೊದಲು ಮೌಸ್ ಪಕ್ಕಕ್ಕಿಟ್ಟು, ಟ್ಯಾಬ್, ಎಂಟರ್‌ನಂಥ ಕೀಬೋರ್ಡ್ ಕೀಗಳನ್ನಷ್ಟೇ ಒತ್ತುತ್ತಾ ಒಂದು ಆರ್ಡರ್ ಮುಗಿಸಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿಂದಲೇ ತಿದ್ದಿಸಲು ಶುರುಮಾಡಿ.